ಅವರ ಅರ, ನನ್ನ ಸಾಣೆ

ನನ್ನ ಗಂಡನ ಕಣ್ಣು ಹೋಗುತ್ತಿದ್ದುದು ನನಗೆ ಗೊತ್ತಿತ್ತು. ಅವರಿಗಿಂತ ಮೊದಲೇ ಗೊತ್ತಿತ್ತು. ನಾನು ಹೇಳಲಿಲ್ಲ. ಬರೀ ಹೇಳದೆ ಇದ್ದೆ ಎಂದರೂ ಅದು ಅರ್ಧ ಸುಳ್ಳು — ಅವರಿಗೆ ಗೊತ್ತಾಗದ ಹಾಗೆ ನೋಡಿಕೊಂಡೆ. ಅದಕ್ಕಾಗಿ ಒಂದು ಯಂತ್ರವನ್ನೇ ಆರಿಸಿ ತಂದೆ.

ಗಂಡನ ಹೆಸರನ್ನು ಬಾಯಲ್ಲಿ ಹೇಳಿ ನನಗೆ ರೂಢಿಯಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ ಅನ್ನಿಸುತ್ತದೆ. ಶಿವಪ್ಪ. ನಾನು ನೀಲಮ್ಮ. ನಮ್ಮದು ಮೂಲತಃ ಹಾವೇರಿ ಕಡೆ. ಮಾವನವರು ವ್ಯಾಪಾರಕ್ಕೆಂದು ಮದ್ರಾಸಿಗೆ ಬಂದು, ಪ್ಯಾರೀಸ್ ಕಾರ್ನರಿನ ಒಂದು ಗಲ್ಲಿಯಲ್ಲಿ ಉಳಿ, ಸುತ್ತಿಗೆ, ಗರಗಸಗಳ ಅಂಗಡಿ ಇಟ್ಟರು. ಊರಿನ ಹೆಸರು ಚೆನ್ನೈ ಆಯಿತು, ನಮ್ಮ ಮಾತಿನಲ್ಲಿ ತಮಿಳು ಸೇರಿತು, ಮಗಳು ಗೌರಿ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವಷ್ಟು ಈ ಊರಿನವಳಾದಳು. ಅಂಗಡಿ ಮಾತ್ರ ಇದ್ದಲ್ಲೇ ಇತ್ತು. ನಿಜ ಹೇಳಬೇಕೆಂದರೆ ಜನ ಅಂಗಡಿಗಿಂತ ಹೆಚ್ಚಾಗಿ ನಮ್ಮವರ ಕೈಯನ್ನು ಹುಡುಕಿಕೊಂಡು ಬರುತ್ತಿದ್ದರು.

ಮರ ಕೊಯ್ಯುವ ಯಂತ್ರದ ಚೈನನ್ನು ಹತ್ತಿರದಿಂದ ನೋಡಿದವರು ಕಡಿಮೆ. ಅದರ ಉದ್ದಕ್ಕೂ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಒಂದು ಎಡಕ್ಕೆ ಮುಖ ಮಾಡಿದರೆ ಮುಂದಿನದು ಬಲಕ್ಕೆ. ಮೊಂಡಾದಾಗ ಪೆನ್ಸಿಲ್ ಗಾತ್ರದ ದುಂಡನೆಯ ಅರದಿಂದ ಒಂದೊಂದೇ ಹಲ್ಲನ್ನು ಉಜ್ಜಿ ಚೂಪು ಮಾಡಬೇಕು. ಎಲ್ಲಕ್ಕೂ ಒಂದೇ ಓರೆ, ಒಂದೇ ಒತ್ತು. ಎಡಗಡೆಯ ಹಲ್ಲು ಒಂದು ತರಹ, ಬಲಗಡೆಯದು ಇನ್ನೊಂದು ತರಹ ಆಯಿತೋ, ಗರಗಸ ಮರದೊಳಗೆ ನೆಟ್ಟಗೆ ಇಳಿಯುವುದಿಲ್ಲ, ಒಂದು ಪಕ್ಕಕ್ಕೆ ಎಳೆಯುತ್ತದೆ. ಕೊಯ್ಯುವವನ ಕೈಕಾಲಿಗೂ ಅಪಾಯ.

ಚಂಡಮಾರುತ ಬಂದು ಹೋದ ವರ್ಷಗಳಲ್ಲಿ ಅಡ್ಯಾರಿನ ಬೀದಿಗಳ ದೊಡ್ಡ ದೊಡ್ಡ ಮರಗಳು ಉರುಳಿ ಬಿದ್ದಿರುತ್ತಿದ್ದವು. ಆಗ ಮರ ತೆಗೆಯುವವರೆಲ್ಲ ಚೈನುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ನಮ್ಮ ಅಂಗಡಿಗೆ ಬರುತ್ತಿದ್ದರು. ಯಾರಾದರೂ "ಮೆಷಿನ್ ಇಟ್ಟುಕೊಳ್ಳಬಾರದಾ ಅಯ್ಯಾ" ಎಂದರೆ ನಮ್ಮವರು ನಗುತ್ತಿದ್ದರು. ಅವರಿಗೆ ಅರವೇ ಸಾಕು. ಅವರದೊಂದು ಪ್ರತಿಜ್ಞೆಯಂಥ ಮಾತೂ ಇತ್ತು: "ನಾ ಮಸೆದ ಚೈನು ವಾಪಸ್ ಬಂದ ದಿನ ನಂಗ ಏನೋ ಆಗೇತಿ ಅಂತ ತಿಳಕೋರಿ. ಆವತ್ತು ಅರ ಕೆಳಗ ಇಟ್ಟು ಡಾಕ್ಟರ್ ಕಡೆ ಹೋಗ್ತೀನಿ." ಎಲ್ಲರೂ ನಗುತ್ತಿದ್ದರು. ಯಾಕೆಂದರೆ ಚೈನು ವಾಪಸ್ ಬಂದದ್ದೇ ಇರಲಿಲ್ಲ.

ಬಂದ ದಿನ ಅವರು ಅಂಗಡಿಯಲ್ಲಿ ಇರಲಿಲ್ಲ. ನಾನಿದ್ದೆ.

ಗೌರಿಯ ಮದುವೆಯಾಗಿ ಅವಳು ಅಡ್ಯಾರ್ ಸೇರಿದ ಮೇಲೆ ನಾನೂ ಅಂಗಡಿಯಲ್ಲಿ ಕೂರುವುದಕ್ಕೆ ಶುರು ಮಾಡಿದ್ದೆ. ನಮ್ಮವರು ಬೆಳಿಗ್ಗೆ ಮಸೆಯುವ ಕೆಲಸ ಮುಗಿಸಿ, ಚೈನುಗಳನ್ನು ಗೋಡೆಯ ಮೊಳೆಗೆ ತೂಗುಹಾಕಿ, ಬಸ್ಸು ಹತ್ತಿ ಕೀಲ್ಪಾಕಿನ ಮನೆಗೆ ಹೋಗುತ್ತಿದ್ದರು. ಕಬ್ಬಿಣದ ಪುಡಿ ಮೆತ್ತಿದ ಮೈಯಲ್ಲಿ ಊಟಕ್ಕೆ ಕೂರುವವರಲ್ಲ. ಮತ್ತೊಮ್ಮೆ ಸ್ನಾನ, ಲಿಂಗಪೂಜೆ, ಆಮೇಲೆ ಊಟ, ಒಂದು ಕೋಳಿನಿದ್ದೆ. ಬಿಸಿಲು ಇಳಿದ ಮೇಲೆ ವಾಪಸ್ ಬರುವುದು. ಗಿರಾಕಿಗಳು ಚೈನು ಒಯ್ಯುತ್ತಿದ್ದುದು ಸಂಜೆಗೆ. ಮಧ್ಯದ ಆ ಹೊತ್ತು ಪೂರ್ತಿ ನನ್ನದು.

ಅಂಥ ಒಂದು ಮಧ್ಯಾಹ್ನ ಸೆಲ್ವಂ ಬಂದ. ಮರ ಕೊಯ್ಯುವ ಕೆಲಸದವನು, ನಮ್ಮ ಹಳೆಯ ಗಿರಾಕಿ. ಚೈನನ್ನು ಮೇಜಿನ ಮೇಲಿಟ್ಟು ಕತ್ತು ಕೆರೆದುಕೊಂಡ. "ಒರು ಪಕ್ಕಮಾ ಇಳುಕ್ಕುದು ಅಮ್ಮಾ" — ಒಂದೇ ಕಡೆ ಎಳೆಯುತ್ತದೆ. ನಾನು ಮಾತಾಡುವ ಮೊದಲೇ ಅವನೇ ಸೇರಿಸಿದ: "ಅಯ್ಯಾಕಿಟ್ಟೆ ಸೊಲ್ಲಾದೀಂಗ." ಅಯ್ಯನಿಗೆ ಹೇಳಬೇಡಿ. ಅವನಿಗೂ ನಮ್ಮವರ ಮೇಲೆ ಅಷ್ಟು ಪ್ರೀತಿ.

ಕನ್ನಡಕ ಹಾಕಿಕೊಂಡು ನೋಡಿದೆ. ಎಡಗಡೆಯ ಹಲ್ಲುಗಳು ಮುತ್ತು ಪೋಣಿಸಿದ ಹಾಗಿದ್ದವು. ಬಲಗಡೆಯವು ಒಂದು ಉದ್ದ, ಒಂದು ಗಿಡ್ಡ, ಓರೆ ಒಂದಕ್ಕೊಂದು ತಾಳವಿಲ್ಲ. ಆಗಲೇ ಒಂದೊಂದೂ ನೆನಪಾಯಿತು — ಬಾಗಿಲು ದಾಟುವಾಗ ಅವರ ಬಲಮೊಣಕೈ ಚೌಕಟ್ಟಿಗೆ ಬಡಿಯುತ್ತಿದ್ದುದು, ಪಕ್ಕದಲ್ಲಿಟ್ಟ ನೀರಿನ ಲೋಟ ಉರುಳಿಸಿ "ಇಲ್ಲಿ ಯಾರು ಇಟ್ರಿದನ್ನ" ಎಂದು ನನ್ನ ಮೇಲೆ ರೇಗುತ್ತಿದ್ದುದು. ಕೈ ಸೋತಿರಲಿಲ್ಲ. ಕಣ್ಣು. ಅಂಗಡಿಯ ಸ್ಟೂಲಿನ ಮೇಲೆ ಕೂತು ಅಷ್ಟನ್ನೂ ಒಂದೇ ಕ್ಷಣದಲ್ಲಿ ತಿಳಿದುಕೊಂಡೆ. ಸೆಲ್ವಂಗೆ ಮಾತ್ರ "ನಾಳೆ ಬಾಪ್ಪಾ, ಸರಿ ಮಾಡಿಸಿಡುತ್ತೇನೆ" ಎಂದೆ.

ಸಂಜೆ ಅವರು ಬಂದಾಗ ಹೇಳಬೇಕೆಂದೇ ಇದ್ದೆ. ಅವರು ಬಂದವರೇ ಅಂಗಿಯ ತೋಳು ಮಡಚಿ, ಅರ ಹಿಡಿದು, ಏನೋ ಗುನುಗುತ್ತಾ ಕೂತರು. ಆ ಮನುಷ್ಯನಿಗೆ ಬೇರೆ ಚಟವಿಲ್ಲ. ಸಿನಿಮಾ ಇಲ್ಲ, ಇಸ್ಪೀಟು ಇಲ್ಲ. ಅರವನ್ನೂ ಕಿತ್ತುಕೊಂಡರೆ ಉಳಿಯುವುದೇನು — ಹೀಗೆಲ್ಲ ಅಂದುಕೊಂಡೆ. ಈಗ ಅದನ್ನು ಕರುಣೆ ಎಂದು ಕರೆಯುವುದಕ್ಕೆ ಬಾಯಿ ಬರುವುದಿಲ್ಲ.

ಮರುದಿನವೇ ಯಂತ್ರ ಹುಡುಕುವುದಕ್ಕೆ ನಾಲ್ಕು ಬೀದಿ ಆಚೆಗೆ ಹೋದೆ. ಪ್ಯಾರೀಸಿನಲ್ಲಿ ಒಂದು ಬೀದಿಯಲ್ಲಿ ಸೀನಿದರೆ ಪಕ್ಕದ ಬೀದಿಯಲ್ಲಿ ಕಷಾಯ ಕಾಯಿಸುತ್ತಾರೆ. ಸುದ್ದಿ ಅಷ್ಟು ಬೇಗ. ಅಲ್ಲಿನ ಯಂತ್ರದಂಗಡಿಯ ಮುದುಕರೊಬ್ಬರು ನನ್ನನ್ನು ಗುರುತು ಹಿಡಿದು, "ನಿಮ್ಮ ಯಜಮಾನರಿಗೆ ಮೆಷಿನ್ ಯಾಕಮ್ಮಾ?" ಎಂದು ತಮಿಳಿನಲ್ಲಿ ಕೇಳಿದಾಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಅವರ ಅರವತ್ತರ ಹುಟ್ಟುಹಬ್ಬಕ್ಕೆ ಉಡುಗೊರೆ, ಗುಟ್ಟಾಗಿರಲಿ ಎಂದೆ. ಮುದುಕರಿಗೆ ಎಷ್ಟು ಸಂತೋಷವಾಯಿತೆಂದರೆ ನನಗೆ ಕಾಫಿ ತರಿಸಿದರು. ಆ ಕಾಫಿಯನ್ನು ಹೇಗೆ ಕುಡಿದೆನೋ.

ಮೂರು ಯಂತ್ರ ತೋರಿಸಿದರು. ಮೂರರದೂ ಕೆಲಸ ಒಂದೇ. ಕೆಳಗೆ ಚೈನನ್ನು ಕಚ್ಚಿ ಹಿಡಿಯುವ ಇಕ್ಕಳ, ಮೇಲೆ ತಿರುಗುವ ತೆಳ್ಳನೆಯ ಸಾಣೆ ಚಕ್ರ. ಇಕ್ಕಳವನ್ನು ಬೇಕಾದ ಓರೆಗೆ ತಿರುಗಿಸಿ ಬಿಗಿ ಮಾಡಿ, ಹಿಡಿ ಹಿಡಿದು ಚಕ್ರವನ್ನು ಹಲ್ಲಿನ ಮೇಲೆ ಇಳಿಸಬೇಕು. ಒಂದು ಅಪ್ಪಟ ಕಬ್ಬಿಣದ್ದು, ಭಾರ. ಮೇಜಿಗೆ ತೂತು ಕೊರೆದು ಬೋಲ್ಟು ಹಾಕಿ ಕೂರಿಸಬೇಕು. ಹಾಗೆ ಕೂರಿಸಿದರೆ ಕೂದಲೆಳೆಯಷ್ಟೂ ಅಲ್ಲಾಡುವುದಿಲ್ಲ. ಇನ್ನೊಂದು ಪುಟ್ಟದು, ಬಣ್ಣ ಚೆಂದ, ಆದರೆ ಚಕ್ರ ವಿಪರೀತ ಜೋರಾಗಿ ತಿರುಗಿ ಹಲ್ಲನ್ನು ಕಾಯಿಸಿಬಿಡುತ್ತದೆ. ಕಾದ ಹಲ್ಲು ನೀಲಿಗೆ ತಿರುಗುತ್ತದೆ. ಅಲ್ಲಿಗೆ ಅದರ ಹದ ಕೆಟ್ಟಿತು. ಮುದುಕರು ಕಬ್ಬಿಣದ್ದರ ಮೇಲೆ ಕೈಯಿಟ್ಟು "ಇದು ವೇಲೈಕ್ಕು" ಅಂದರು, ಪುಟ್ಟದನ್ನು ತೋರಿಸಿ "ಅದು ಅಳಗುಕ್ಕು" ಅಂದರು. ಇದು ಕೆಲಸಕ್ಕೆ, ಅದು ಚೆಂದಕ್ಕೆ.

ನಾನು ಎರಡನ್ನೂ ಬಿಟ್ಟು ಮೂರನೆಯದನ್ನು ಎತ್ತಿ ನೋಡಿದೆ. ಒಬ್ಬಳೇ ಎತ್ತಿ ಕಪಾಟಿನೊಳಗೆ ಇಡಬಹುದಾದಷ್ಟು ಹಗುರ. ಮೇಜಿನ ಅಂಚಿಗೆ ತಿರುಪಿನಿಂದ ಕಚ್ಚಿಸಿದರೆ ಸಾಕು, ತೂತು ಬೇಡ, ಗುರುತು ಉಳಿಯುವುದಿಲ್ಲ. ಚಕ್ರ ನಿಧಾನ, ಹಲ್ಲು ನೀಲಿಯಾಗುವ ಭಯ ಕಡಿಮೆ. ಇಕ್ಕಳ ಮಾತ್ರ ಒಂಚೂರು ಸಡಿಲ. ಮುದುಕರು ಬೇಡವೆಂದು ತಲೆಯಾಡಿಸಿದರು, ಉಡುಗೊರೆ ಕೊಡುವವರು ಒಳ್ಳೆಯದನ್ನು ಕೊಡಬೇಕು ಎಂದರು. ನಾನು ಕೇಳಲಿಲ್ಲ. ಕೆಲಸಕ್ಕೆ ಯಾವುದು ಒಳ್ಳೆಯದು ಎಂದು ನಾನು ಆರಿಸಲಿಲ್ಲ. ಬಚ್ಚಿಡುವುದಕ್ಕೆ ಯಾವುದು ಒಳ್ಳೆಯದು ಎಂದು ಆರಿಸಿದೆ.

ಮೊದಲು ಹಳೆಯ ಚೈನೊಂದರ ಮೇಲೆ ಕೈ ಪಳಗಿಸಿದೆ. ಮೊದಲ ಹಲ್ಲೇ ನೀಲಿಯಾಯಿತು. ಹಂಚು ಕಾದಿದೆಯೇ ಎಂದು ಬೆರಳು ತಾಗಿಸಿ ನೋಡುತ್ತೇವಲ್ಲ, ಹಾಗೆ — ಮುಟ್ಟಬೇಕು, ಎತ್ತಬೇಕು. ಅಷ್ಟು ಗೊತ್ತಾದ ಮೇಲೆ ರೊಟ್ಟಿ ಬಡಿಯುವ ಕೈಗೆ ಇದೇನೂ ಕಷ್ಟವಾಗಲಿಲ್ಲ, ಸೆಲ್ವಂನ ಚೈನನ್ನೂ ಸರಿ ಮಾಡಿ ಕೊಟ್ಟೆ. ಅವರು ಬಸ್ಸಿಗೆ ಹೊರಟರೆಂದರೆ ಮೊಳೆಯಿಂದ ಚೈನು ಇಳಿಸುತ್ತಿದ್ದೆ. ಬಲಗಡೆಯ ಹಲ್ಲುಗಳನ್ನೆಲ್ಲ ಸಾಣೆಗೆ ಕೊಟ್ಟು ಎಡಗಡೆಯವಕ್ಕೆ ಸರಿಸಮ ಮಾಡುತ್ತಿದ್ದೆ. ಚಕ್ರದ ಗೆರೆ ಬೇರೆ, ಅರದ ಗೆರೆ ಬೇರೆ. ಆದ್ದರಿಂದ ಕೊನೆಗೆ ಒಂದೊಂದು ಹಲ್ಲಿಗೂ ಅವರದೇ ಅರದಿಂದ ಮೆತ್ತಗೆ ಒಂದು ಸಲ ಉಜ್ಜುತ್ತಿದ್ದೆ. ಕೈಯ ಕೆಲಸದಂತೆ ಕಾಣಲಿ ಎಂದು. ಪುಡಿ ಒರೆಸಿ, ಯಂತ್ರವನ್ನು ಕಪಾಟಿಗೆ ತಳ್ಳಿ, ಸೆರಗು ಕೊಡವಿಕೊಂಡು ಕೂರುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ.

ಇನ್ನೊಂದನ್ನೂ ಹೇಳಿಬಿಡಬೇಕು, ಇದನ್ನು ಹೇಳದಿದ್ದರೆ ಮಿಕ್ಕದ್ದು ಹೇಳಿ ಪ್ರಯೋಜನವಿಲ್ಲ. ಆ ಕೆಲಸ ನನಗೆ ಇಷ್ಟವಾಗತೊಡಗಿತು. ಚಕ್ರ ಹಲ್ಲಿಗೆ ತಾಗಿದಾಗ ಏಳುವ ಸಣ್ಣ ಕಿಡಿ, ಸಾಲು ಸಾಲಾಗಿ ಹೊಳೆಯುವ ಹಲ್ಲು — ಹೆಣ್ಣು ಎಂದು ಯಾರೂ ಕಲಿಸದ ಕೆಲಸ ನನ್ನ ಕೈಗೆ ಬಂದಿತ್ತು. ಸಂಜೆ ಅವರು ಅದೇ ಚೈನನ್ನು ಹೆಬ್ಬೆರಳಿನಿಂದ ಸವರಿ, "ನೋಡು ನೀಲಾ, ಹೆಂಗ ಬಂದೈತಿ!" ಎನ್ನುವಾಗ ಹೊಟ್ಟೆಯೊಳಗೆ ಒಂದು ನಗು. ಇವರ ಹೆಸರು ನಿಂತಿರುವುದು ನನ್ನ ಕೈಯಿಂದ ಎನ್ನುವ ಹಮ್ಮು. ಪೂಜೆಯ ನೆಪದಿಂದ ಸಿಗುತ್ತಿದ್ದ ಆ ಹೊತ್ತಿಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ. ಏನೋ ಒಂದು ನೆಪ ಹೇಳಿ ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಯ್ಯಬಹುದಿತ್ತು. ಒಯ್ದಿದ್ದರೆ ಇದೆಲ್ಲ ನಿಂತುಹೋಗುತ್ತಿತ್ತು.

ಒಂದು ದಿನ ಅವರೇ ಕೇಳಿದರು. ಮನೆಗೆ ಹೊರಡುವ ಮುಂಚೆ, ಆಗಷ್ಟೇ ಮಸೆದ ಚೈನನ್ನು ನನ್ನ ಮುಂದೆ ಹಿಡಿದರು.

"ನೀಲಾ, ನಿನ್ನ ಕಣ್ಣು ಚಲೋ ಅದಾವ. ಈ ಬಲಗಡಿ ಹಲ್ಲು ನೋಡು. ಮಸೆಯೂ ಮುಂದ ಯಾಕೋ ಮಂಜು ಮಂಜು ಕಾಣ್ತೈತಿ. ಮುಂಜಾನೆ ಅನುಮಾನ ಬರ್ತೈತಿ, ಸಂಜಿಗೆ ನೋಡಿದ್ರ ಎಲ್ಲಾ ಸಮಾ ಇರ್ತಾವ. ಪೂಜಿಗೆ ಕುಂತಾಗ ಕೈಯಾಗಿನ ಲಿಂಗ ಚಂದಂಗ ಕಾಣ್ತೈತಿ. ಇದೊಂದೇ... ತಪ್ಪಿದ್ರ ಹೇಳಿಬಿಡು. ಡಾಕ್ಟರ್ ಕಡೆ ಹೋಗಿ ಬರೂಣು."

ಚೈನನ್ನು ಕೈಗೆ ತೆಗೆದುಕೊಂಡೆ. ಹಿಂದೆಂದಿಗಿಂತ ಕೆಟ್ಟಿತ್ತು. ಒಂದೆರಡು ಹಲ್ಲಿಗೆ ಅರ ತಾಗಿಯೇ ಇರಲಿಲ್ಲ.

"ಎಲ್ಲಾ ಸಮಾ ಅದಾವ್ರೀ," ಎಂದೆ. "ನಿಮ್ಮ ಕೈ ಯಾವಾಗ ತಪ್ಪೇತಿ?"

ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಎಷ್ಟು ದಿನದ ಹೆದರಿಕೆಯೋ ಏನೋ, ಒಂದೇ ಉಸಿರಿನಲ್ಲಿ ಇಳಿಯಿತು. "ನನಗೂ ಹಂಗ ಅನಿಸ್ತು" ಎಂದು ನಕ್ಕು, ಛತ್ರಿ ಹಿಡಿದು ಬಸ್ಸಿಗೆ ಹೋದರು. ಆ ಮಧ್ಯಾಹ್ನ ಆ ಚೈನನ್ನು ಬಹಳ ಚೆನ್ನಾಗಿ ಮಸೆದೆ.

ಆಮೇಲೆ ಅವರು ಮತ್ತೆ ಕೇಳಲಿಲ್ಲ. ವರ್ಷದ ಮೇಲೆ ವರ್ಷ ಹೋಯಿತು. ಕೊನೆಗೆ ಒಂದು ಬೆಳಿಗ್ಗೆ, ನಮ್ಮ ಗಲ್ಲಿಯ ಬಾಯಲ್ಲೇ, ಪಕ್ಕದಿಂದ ಬಂದ ತಳ್ಳುಗಾಡಿ ಅವರಿಗೆ ಕಾಣಲೇ ಇಲ್ಲ. ಗಾಯ ದೊಡ್ಡದಲ್ಲ. ಆದರೆ ಗೌರಿ ಬಿಡದೆ ಕೀಲ್ಪಾಕಿನಲ್ಲಿ ಒಬ್ಬ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುವ ಕಾಯಿಲೆಯಂತೆ. ಪಕ್ಕದ ನೋಟ ಮೊದಲು ಹೋಗುತ್ತದೆ, ನಡುವಿನದು ಕಡೆಯವರೆಗೂ ಉಳಿಯುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ಬಲಗಣ್ಣು ಹೋಗಿಯೇ ಬಿಟ್ಟಿತ್ತು. ಎಡಗಣ್ಣಿನಲ್ಲಿ ಕಿಂಡಿಯಷ್ಟು ಉಳಿದಿತ್ತು. ಹೋದದ್ದು ವಾಪಸ್ ಬರುವುದಿಲ್ಲ. ಮೊದಲೇ ಬಂದಿದ್ದರೆ ಬಹುಪಾಲು ಉಳಿಸಿಕೊಳ್ಳಬಹುದಿತ್ತು.

"ಕೆಲಸ ಮಾಡುವಾಗ ಏನೂ ವ್ಯತ್ಯಾಸ ಗೊತ್ತಾಗಲಿಲ್ಲವಾ?" ಎಂದು ಡಾಕ್ಟರು ಕೇಳಿದರು.

ನಮ್ಮವರು ಎದೆ ಸೆಟೆಸಿ ಕೂತರು. ತಮಿಳಿನಲ್ಲೇ ಹೇಳಿದರು — ಒಂದು ಚೈನೂ ವಾಪಸ್ ಬಂದಿಲ್ಲ ಡಾಕ್ಟರೇ, ನನ್ನ ಹೆಂಡತಿಯನ್ನೇ ಕೇಳಿ.

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಹೌದು ಎಂದು.

ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟೆವು. ಯಂತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ ಮನೆಗೆ ತಂದು ಮಂಚದ ಕೆಳಗೆ ತಳ್ಳಿದೆ. ಮಾರಬಹುದಿತ್ತು. ಯಾಕೆ ಮಾರಲಿಲ್ಲವೋ. ಎಡಗಣ್ಣಿನ ಕಿಂಡಿಯೂ ನಿಧಾನಕ್ಕೆ ಮಬ್ಬಾಗುತ್ತಾ ಬಂತು. ಈಗ ಅವರಿಗೆ ಬೆಳಕು ಗೊತ್ತಾಗುತ್ತದೆ, ಎದುರಿಗೆ ಯಾರೋ ನಿಂತಿರುವುದು ಗೊತ್ತಾಗುತ್ತದೆ. ಅಷ್ಟೇ. ಮನೆಗೆ ಬಂದವರಿಗೆಲ್ಲ ಅವರು ಒಂದೇ ಮಾತು ಹೇಳುತ್ತಿದ್ದರು: "ಕಣ್ಣು ಹೋದ್ರೂ ಕೈ ತಪ್ಪಲಿಲ್ಲ. ಅದು ಶಿವ ನನಗ ಕೊಟ್ಟಿದ್ದು." ಕೇಳಿದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಹಬ್ಬದ ಮುಂಚೆ ಮನೆ ಗುಡಿಸುವುದಕ್ಕೆ ಬಂದ ಗೌರಿಯ ಕೈಗೆ ಆ ಗಂಟು ಸಿಕ್ಕಿತು. ಬಿಚ್ಚಿ ನೋಡಿದಳು. ಇಕ್ಕಳದ ಸಂದಿಯಲ್ಲಿ ಇನ್ನೂ ಕಬ್ಬಿಣದ ಪುಡಿಯಿತ್ತು. ಅವಳು ಅಂಗಡಿಯ ಮಗಳು, ಬಿಡಿಸಿ ಹೇಳಬೇಕಾಗಲಿಲ್ಲ. ಒಳಗಡೆ ಅವಳ ಅಪ್ಪ ರೇಡಿಯೋ ಕೇಳುತ್ತಿದ್ದರು. ಅವಳು ಸಣ್ಣ ದನಿಯಲ್ಲಿ ಕೇಳಿದಳು, "ಅಪ್ಪಾವುಕ್ಕು ತೆರಿಯುಮಾ?" ಅಪ್ಪನಿಗೆ ಗೊತ್ತಾ?

ಗೊತ್ತಿಲ್ಲ ಎಂದೆ. ಅವಳು ನನ್ನನ್ನು ಬೈಯಲಿಲ್ಲ. ಸೀರೆಯನ್ನು ಮತ್ತೆ ಸುತ್ತಲೂ ಇಲ್ಲ. ಯಂತ್ರವನ್ನು ಹಾಗೇ ಬಿಟ್ಟು ಎದ್ದು ಕೈ ತೊಳೆಯುವುದಕ್ಕೆ ಹೋದಳು.

ಮರುದಿನ ಊಟವಾದ ಮೇಲೆ ಹೇಳಿದೆ. ಸೆಲ್ವಂ ಬಂದದ್ದರಿಂದ ಹಿಡಿದು ಡಾಕ್ಟರ ಮುಂದೆ ತಲೆ ಆಡಿಸಿದ್ದರವರೆಗೆ. ನನಗೆ ಆ ಕೆಲಸ ಇಷ್ಟವಾಗುತ್ತಿತ್ತು ಎನ್ನುವುದನ್ನೂ ಬಿಡಲಿಲ್ಲ. ಅಳಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ — ಅತ್ತರೆ ಅವರು ಸಮಾಧಾನ ಮಾಡಿಬಿಡುತ್ತಾರೆ, ಅವರ ಸ್ವಭಾವವೇ ಹಾಗೆ. ಅವರು ಕೈ ಚಾಚಿದರು. ಯಂತ್ರವನ್ನು ತಂದು ಮುಂದಿಟ್ಟೆ. ಇಕ್ಕಳ, ಹಿಡಿ, ಚಕ್ರ, ಎಲ್ಲವನ್ನೂ ಬೆರಳಿನಿಂದ ಸವರಿದರು. ಸಡಿಲಿದ್ದ ಇಕ್ಕಳವನ್ನು ಎರಡು ಸಲ ಅಲ್ಲಾಡಿಸಿ ನೋಡಿದರು. ಸವೆದು ಸಣ್ಣದಾಗಿದ್ದ ಚಕ್ರದ ಅಂಚಿನ ಮೇಲೆ ಅವರ ಹೆಬ್ಬೆರಳು ಬಹಳ ಹೊತ್ತು ನಿಂತಿತು. ಎಷ್ಟು ಚೈನು ಎಂದು ಅವರು ಕೇಳಲಿಲ್ಲ, ಆ ಸವೆತದಲ್ಲೇ ಗೊತ್ತಾಗಿರಬೇಕು.

ಆಮೇಲೆ ಒಂದೇ ಮಾತು ಹೇಳಿದರು. "ನಾ ನಿನ್ನ ಕೇಳಿದ್ದೆ."

ಹೌದು ಎಂದೆ.

ಬೈದಿದ್ದರೆ ಚೆನ್ನಾಗಿತ್ತು. ಅವರು ಮಾಡಿದ್ದು ಬೇರೆ — ನನ್ನನ್ನು ಕೇಳುವುದನ್ನೇ ಬಿಟ್ಟರು. ಅಲ್ಲಿಯವರೆಗೆ ದಿನಕ್ಕೆ ನೂರು ಸಲ ಕೇಳುತ್ತಿದ್ದವರು: ಹೊರಗ ಬಿಸಿಲು ಐತೇನು, ಗಡಿಯಾರದಾಗ ಎಷ್ಟಾತು, ತಾಟಿನಾಗ ಇನ್ನೇನೈತಿ. ಈಗ ಹೊತ್ತು ತಿಳಿಯುವುದಕ್ಕೆ ರೇಡಿಯೋ. ಮೆಟ್ಟಿಲು ಒದ್ದೆಯಾಗಿದೆಯೇ ಎಂದು ಕೆಳಗಿನ ಕಾವಲುಗಾರನನ್ನು ಕೂಗಿ ಕೇಳುವರು. ಔಷಧಿ ಸೀಸೆಯ ಮೇಲಿನ ಹೆಸರು ಓದಿಸುವುದಕ್ಕೆ ಗೌರಿ ಬರುವವರೆಗೆ ಕಾಯುವರು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಸಾರು ಚೆನ್ನಾಗಿದೆ ಎನ್ನುವರು, ಕಾಲು ನೋಯುತ್ತಿದೆಯೇ ಎಂದು ವಿಚಾರಿಸುವರು. ಆದರೆ ಕಣ್ಣಿನಿಂದ ನೋಡಿ ಹೇಳಬೇಕಾದ ಯಾವುದನ್ನೂ ನನಗೆ ಕೇಳುತ್ತಿರಲಿಲ್ಲ. ಪಕ್ಕದಲ್ಲೇ ಎರಡು ಕಣ್ಣು ತೆರೆದುಕೊಂಡು ಕೂತಿದ್ದೆ, ಯಾರಿಗೂ ಬೇಡವಾಗಿ. ಮಾಡಿದ್ದುಣ್ಣೋ ಮಹಾರಾಯ. ಉಣ್ಣುತ್ತಿದ್ದೆ. ಚಳಿಗಾಲ ಕಳೆದು ಮಾವಿನಕಾಯಿ ಬಂತು, ನಮ್ಮ ಮನೆಯಲ್ಲಿ ಹಾಗೇ ಇತ್ತು.

ಹೋದ ವಾರ ಗೌರಿಯ ಮನೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಅಡ್ಯಾರಿಗೆ ಹೋಗುವುದಕ್ಕೆ ಆಟೋ ಬಂದು ಕೆಳಗೆ ನಿಂತಿತ್ತು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗುಂಡಿಗಳನ್ನು ತಡವಿ ತಡವಿ ಹಾಕುತ್ತಿದ್ದರು. ಇಬ್ಬರೂ ಅವಸರದಲ್ಲಿದ್ದೆವು. ಬಾಗಿಲವರೆಗೆ ಹೋದವರು ನಿಂತು, ನನ್ನ ಕಡೆ ತಿರುಗಿ, ಎದೆಯನ್ನು ಸ್ವಲ್ಪ ಮುಂದೆ ಮಾಡಿದರು.

"ಇದರಾಗ ಎಲ್ಲೆರ ಕಲೆ ಐತೇನು, ನೋಡು."

ಹತ್ತಿರ ಹೋಗಿ ನೋಡಿದೆ. ಕಿಸೆಯ ಕೆಳಗೆ ಅರಿಶಿನದ್ದೋ ಏನೋ, ಸಾಸಿವೆ ಕಾಳಿನಷ್ಟು ಹಳದಿ. ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಕೆಳಗೆ ಆಟೋದವನು ಹಾರ್ನ್ ಹಾಕುತ್ತಿದ್ದ.

"ಐತ್ರಿ," ಎಂದೆ. "ಕಿಸೆ ಕೆಳಗ. ಸಣ್ಣದು."

ಅವರು ಒಂದೊಂದೇ ಗುಂಡಿ ಬಿಚ್ಚತೊಡಗಿದರು.

"ಬ್ಯಾರೆ ಕೊಡು," ಅಂದರು.